ಒದ್ದೆ ಬಟ್ಟೆ

ಒಂದು ಬೆಡ್‌ಶೀಟು ಮಡಚಲು ಇಬ್ಬರು ಬೇಕು.

ಲಾಂಡ್ರಿಗೆ ಸೇರಿದ ಮೊದಲ ದಿನ ಕಲಿಸುವ ಪಾಠ ಇದು. ಕಾದ ರೋಲರಿನಿಂದ ಶೀಟು ಹೊರಗೆ ಬರುತ್ತದೆ. ಒಬ್ಬಳು ಈಚೆಯ ಎರಡು ಮೂಲೆ ಹಿಡಿಯಬೇಕು, ಇನ್ನೊಬ್ಬಳು ಆಚೆಯ ಎರಡು ಮೂಲೆ. ಬೆರಳು ಸುಡುತ್ತದೆ. ಬಿಡುವ ಹಾಗಿಲ್ಲ. ಹಿಂದಕ್ಕೆ ಸರಿದು ಬಿಗಿಯಾಗಿ ಎಳೆಯಬೇಕು, ಮುಂದಕ್ಕೆ ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಕೂಡಿಸುವಾಗ ಇಬ್ಬರ ಮುಖದ ನಡುವೆ ಗೇಣು ದೂರ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ದಿನಕ್ಕೆ ಆರುನೂರು ಶೀಟು. ಹೋಟೆಲಿನವು, ಆಸ್ಪತ್ರೆಯವು. ಯಾರೋ ಮಲಗಿ ಎದ್ದದ್ದು. ಯಾರೋ ಮಲಗಿ ಏಳದೆ ಹೋದದ್ದು.

ಹನ್ನೊಂದು ವರ್ಷ ಗುಣುಗಕ್ಕನ ಎದುರು ತುದಿ ಹಿಡಿದವಳು ಬಾಯಾಳಿ. ಈಗ ಆ ತುದಿಯನ್ನು ಗೋಡೆಗೆ ಹೊಡೆದ ಎರಡು ಕೊಕ್ಕೆ ಹಿಡಿದಿವೆ.

ಬಾಯಾಳಿ ಸತ್ತ ಮೂರನೆಯ ದಿನ ಮೇಸ್ತ್ರಿಯೇ ಸುತ್ತಿಗೆ ತಂದು ಹೊಡೆದ. "ನೋಡಮ್ಮ, ಇವು ಹರಟೆ ಹೊಡೆಯಲ್ಲ, ನೀರು ಕೇಳಲ್ಲ, ಪಾಯಿಖಾನೆ ಕೀಲಿ ಕೇಳಲ್ಲ" ಅಂದು ನಕ್ಕ. ಶೀಟು ರೋಲರಿಗೆ ಉಣಿಸುವ ಹುಡುಗಿಯರಿಬ್ಬರೂ ನಕ್ಕರು. ನಗದಿದ್ದರೆ ಮೇಸ್ತ್ರಿಗೆ ಸಿಟ್ಟು ಬರುತ್ತದೆ.

ಗುಣುಗಕ್ಕ ನಗಲಿಲ್ಲ. ಮೂಲೆ ಎರಡನ್ನೂ ಕೊಕ್ಕೆಗೆ ಸಿಕ್ಕಿಸಿದಳು. ಹಿಂದಕ್ಕೆ ಸರಿದಳು. ಮುಂದಕ್ಕೆ ಬಂದಳು. ಕೊಕ್ಕೆ ಮುಂದೆ ಬರುವುದಿಲ್ಲ. ಇಬ್ಬರ ನಡಿಗೆಯನ್ನು ಈಗ ಒಬ್ಬಳೇ ನಡೆಯಬೇಕು. ಮುಖದ ಎದುರು ಮುಖ ಇರಬೇಕಾದ ಕಡೆ ಸುಣ್ಣ ಉದುರಿದ ಗೋಡೆ.

ಗುಣುಗಕ್ಕ ಅನ್ನುವುದು ಹುಟ್ಟಿದಾಗ ಇಟ್ಟ ಹೆಸರಲ್ಲ. ಕೆಲಸ ಮಾಡುತ್ತ ತುಟಿಯೊಳಗೇ ಏನೋ ಗುಣುಗುಟ್ಟುತ್ತಾಳೆ, ಅದಕ್ಕೆ ಆ ಹೆಸರು. ಅವಳಪ್ಪ ಓದು ಬಾರದ ಕೂಲಿ. ಆದರೆ ಅವನಿಗೆ ನೂರಾರು ಭಕ್ತಿಯ ಪದ ಬಾಯಿಗೆ ಬರುತ್ತಿದ್ದವು, ಕಿವಿಯಿಂದ ಕಿವಿಗೆ ಬಂದವು. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಹೇಳಲು ಶುರು ಮಾಡುತ್ತಿದ್ದ. ಮಗಳು ಹಾಸಿಗೆಯಲ್ಲೇ ಕೇಳುತ್ತಿದ್ದಳು. ಈಗ ಅಪ್ಪನಿಲ್ಲ. ಮದುವೆಯಾದವನು ಎಂದೋ ಬಿಟ್ಟುಹೋದ. ಕೋಣೆಗೆ ಹಿಂದಿರುಗಿದರೆ ಕಾಯುವುದು ಒಂದು ಕೊಡ, ಒಂದು ಚಾಪೆ, ಮತ್ತೆ ಆ ಪದಗಳು. ದೇವರ ಹತ್ತಿರ ಅವಳು ಏನೂ ಬೇಡುವುದಿಲ್ಲ. ಅವನ ಮುಂದೆ ಪದ ಹೇಳುತ್ತಾಳೆ, ಅಷ್ಟೆ. ಕೇಳುವವನಿದ್ದರೆ ಕೇಳಲಿ.

ಬಾಯಾಳಿ ಇದಕ್ಕೆ ತಿರುಗುಮುರುಗು. ಬಾಯಿ ಮುಚ್ಚಿದರೆ ಜೀವ ಹೋಗುತ್ತದೆ ಅನ್ನುವವಳು. ರೋಲರಿನ ಗದ್ದಲದಲ್ಲಿ ದೂರ ನಿಂತರೆ ಮಾತು ಕೇಳುವುದಿಲ್ಲ. ಮೂಲೆ ಕೂಡಿಸಲು ಹತ್ತಿರ ಬಂದಾಗ ಒಂದು ಮಾತು, ಹಿಂದೆ ಸರಿದಾಗ ಮೌನ, ಮತ್ತೆ ಹತ್ತಿರ ಬಂದಾಗ ಇನ್ನೊಂದು ಮಾತು. ಒಂದು ಕಥೆ ಮುಗಿಯಲು ಹತ್ತು ಶೀಟು ಬೇಕು. ನೆರೆಮನೆಯ ಜಗಳಕ್ಕೆ ಮೂವತ್ತು ಶೀಟಾದರೂ ಬೇಕು. ಹನ್ನೊಂದು ವರ್ಷ ಗುಣುಗಕ್ಕ ಹೀಗೆ ಗೇಣು ದೂರದಿಂದ ತುಂಡು ತುಂಡಾಗಿ ಲೋಕವನ್ನು ಕೇಳಿಸಿಕೊಂಡಳು. ಲೋಕದಲ್ಲಿ ಅವಳಿಗಿದ್ದ ನಂಟು ಅದೊಂದೇ.

*

ಹಿಂದಿನ ವರ್ಷ ಊರಲ್ಲಿ ಬಿಸಿಲಿಗೆ ಜನ ಸತ್ತರು. ರಸ್ತೆ ಅಗೆಯುವವರು, ಮೂಟೆ ಹೊರುವವರು, ತಗಡಿನ ಕೆಳಗೆ ಮಲಗುವವರು. ಸತ್ತವರ ಎಣಿಕೆ ದೊಡ್ಡದಾದ ಮೇಲೆ ಸರ್ಕಾರದಿಂದ ಒಂದು ನಿಯಮ ಬಂತು. ಬಿಸಿಯಲ್ಲಿ ಕೆಲಸ ಮಾಡಿಸುವ ಪ್ರತಿಯೊಂದು ಕಡೆಯೂ ಥರ್ಮಾಮೀಟರು ನೇತುಹಾಕಬೇಕು. ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ನೋಡಬೇಕು. ಬೀದಿಗೆ ಕಾಣುವ ಹಲಗೆಯ ಮೇಲೆ ಬರೆಯಬೇಕು. ನಲವತ್ತು ಡಿಗ್ರಿ ದಾಟಿದರೆ ನಾಲ್ಕು ಗಂಟೆಯವರೆಗೆ ಕೆಲಸ ನಿಲ್ಲಿಸಬೇಕು.

ಮೇಸ್ತ್ರಿ ಥರ್ಮಾಮೀಟರು ತಂದ. ಬೆರಳು ದಪ್ಪದ ಗಾಜು, ಒಳಗೆ ಕೆಂಪು ಗೆರೆ. ಹೆಂಗಸರು ಅದಕ್ಕೆ ಕಡ್ಡಿ ಎಂದು ಹೆಸರಿಟ್ಟರು. ಮೇಸ್ತ್ರಿ ಅದನ್ನು ರೋಲರಿನ ಮನೆಯಲ್ಲಿ ಹಾಕಲಿಲ್ಲ. ಹಿಂದುಗಡೆ ನೀರಿನ ತೊಟ್ಟಿಯ ಪಕ್ಕದ ಓಣಿಯಲ್ಲಿ, ಬಿಸಿಲು ಬೀಳದ ದಪ್ಪ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ.

"ಅಲ್ಲಿ ಯಾಕೆ ಮೇಸ್ತ್ರಿ? ತೊಟ್ಟಿಗೆ ಜ್ವರ ಬಂದಿದೆಯಾ?" ಎಂದು ಬಾಯಾಳಿ ಕೇಳಿದ್ದಳು.

"ಗಾಜಿನ ಸಾಮಾನು. ಇಲ್ಲಿಟ್ಟರೆ ನಿನ್ನ ಬಾಯಿಗೇ ಒಡೆದುಹೋಗುತ್ತೆ."

"ಹಾಗಾದರೆ ನೋಡೋದು ಯಾರು? ನೀವು ನೋಡಿದ್ದು ನಾವು ನಂಬಲ್ಲ. ಗುಣುಗಕ್ಕ ನೋಡಲಿ. ಕುತ್ತಿಗೆಗೆ ಕತ್ತಿ ಇಟ್ಟರೂ ಅವಳು ಸುಳ್ಳು ಹೇಳಲ್ಲ."

ಎಲ್ಲರೂ ಹೌದು ಹೌದು ಎಂದರು. ಮೇಸ್ತ್ರಿಯೂ ಹೌದೆಂದ. ಅವನು ಅಷ್ಟು ಬೇಗ ಒಪ್ಪಿದಾಗಲೇ ಅನುಮಾನ ಬರಬೇಕಿತ್ತು. ಗುಣುಗಕ್ಕನಿಗೆ ಬರಲಿಲ್ಲ. ತನ್ನನ್ನು ಹತ್ತು ಜನ ನಂಬುತ್ತಾರೆ ಎನ್ನುವುದು ಅವಳಿಗೆ ಅಂದು ಮೊದಲ ಬಾರಿ ತಿಳಿದದ್ದು. ಕಣ್ಣು ತುಂಬಿತು.

ಹೊತ್ತು ಹನ್ನೆರಡಾದರೆ ಅವಳು ಓಣಿಗೆ ಹೋಗುತ್ತಿದ್ದಳು. ಲಾಂಡ್ರಿಯಲ್ಲಿ ಎಲ್ಲೆಲ್ಲೂ ಬಟ್ಟೆಯ ನವಿರು ಧೂಳು. ದಿನ ಕಳೆಯುವುದರೊಳಗೆ ಗಾಜಿನ ಮೇಲೆ ಬೂದಿ ಹಿಡಿದ ಹಾಗೆ ಕೂರುತ್ತದೆ. ನೋಡುವ ಮೊದಲು ಕಣ್ಣು ತೊಳೆ ಎನ್ನುತ್ತಿದ್ದ ಅವಳಪ್ಪ. ಅವಳು ಸೊಂಟಕ್ಕೆ ಸಿಕ್ಕಿಸಿದ ಒರೆಸುವ ಬಟ್ಟೆಯನ್ನು ತೊಟ್ಟಿಯ ನೀರಲ್ಲಿ ಅದ್ದಿ, ಹಿಂಡಿ, ಮೊದಲು ತನ್ನ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಕಡ್ಡಿಯನ್ನು ಮೇಲಿನಿಂದ ಕೆಳಗೆ, ಬುಡದ ಗುಂಡಿನವರೆಗೆ, ಕೈಗೂಸಿಗೆ ಮೈ ಒರೆಸುವ ಹಾಗೆ ಮೂರು ಸಲ ಒರೆಸುತ್ತಿದ್ದಳು. ಬಟ್ಟೆ ಸುತ್ತಿ ಒಂದು ಪದ ಹೇಳುವಷ್ಟು ಹೊತ್ತು ಹಿಡಿದು, ಬಿಚ್ಚಿ, ಕೆಂಪು ಗೆರೆ ಎಲ್ಲಿದೆಯೋ ಅಷ್ಟನ್ನೇ ನೋಡುತ್ತಿದ್ದಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗೇಟಿನ ಹಲಗೆಯನ್ನು ಮಾತ್ರ ಒಣ ಬಟ್ಟೆಯಿಂದ ಒರೆಸುತ್ತಿದ್ದಳು. ಸೀಮೆಸುಣ್ಣವನ್ನು ಒದ್ದೆಯಲ್ಲಿ ಒರೆಸಿದರೆ ಹೋದ ಹಾಗೆ ಕಾಣುತ್ತದೆ, ಒಣಗಿದ ಮೇಲೆ ಮತ್ತೆ ಮೇಲಕ್ಕೆ ಬರುತ್ತದೆ. ಅದು ಅವಳಿಗೆ ಗೊತ್ತಿತ್ತು. ಹಲಗೆಗೆ ಒಣ ಬಟ್ಟೆ, ಗಾಜಿಗೆ ಒದ್ದೆ ಬಟ್ಟೆ.

ಮೂವತ್ತಾರು. ಮೂವತ್ತೇಳು. ಬೇಸಿಗೆ ಬಲಿತ ಮೇಲೆ ಮೂವತ್ತೆಂಟು.

ನಲವತ್ತು ಒಂದು ದಿನವೂ ಆಗಲಿಲ್ಲ.

*

ಆ ದಿನ ಬೆಳಗ್ಗೆಯೇ ಗಾಳಿ ಸತ್ತಿತ್ತು. ಕಾಗೆಗಳು ಕೊಕ್ಕು ತೆರೆದು ತಂತಿಯ ಮೇಲೆ ಕೂತಿದ್ದವು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ರೋಲರಿನ ಮನೆಗೆ ತಗಡಿನ ಮಾಡು. ಪಕ್ಕದಲ್ಲಿ ಉಗಿಯ ಕೊಳವೆ. ಫ್ಯಾನು ಹಾಕಿದರೆ ಶೀಟು ಹಾರುತ್ತದೆ ಎಂದು ಅದನ್ನೂ ಕಿತ್ತಿದ್ದರು. ಮಾಲೀಕರ ಕೋಣೆ ತಣ್ಣಗಿಡುವ ಯಂತ್ರದ ಬೆನ್ನು ಇವರ ಕಡೆಗಿತ್ತು. ಅವರ ಕೋಣೆಯ ಬಿಸಿಯೆಲ್ಲ ಇವರ ಮುಖಕ್ಕೆ. ಕುಡಿಯಲು ಒಂದು ಕೊಡ ನೀರಿತ್ತು. ಆದರೆ ಕುಡಿದರೆ ಹೊರಗೆ ಹೋಗಬೇಕು. ಹೋಗಲು ಮೇಸ್ತ್ರಿಯ ಹತ್ತಿರ ಕೀಲಿ ಕೇಳಬೇಕು. ಕೇಳಿದರೆ, "ಈಗ ತಾನೆ ಹೋಗಿದ್ದೆ, ಹೊಟ್ಟೆಯೋ ತೂತಿನ ಕೊಡವೋ?" ಎನ್ನುತ್ತಾನೆ, ಎಲ್ಲರೆದುರು. ಹಾಗಾಗಿ ಹೆಂಗಸರು ನೀರು ಕುಡಿಯುತ್ತಿರಲಿಲ್ಲ. ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು.

ಹನ್ನೆರಡಕ್ಕೆ ಗುಣುಗಕ್ಕ ಓಣಿಯಿಂದ ಬಂದಳು. ಹತ್ತು ಮುಖಗಳು ಅವಳ ಕಡೆ ತಿರುಗಿದವು.

"ಎಷ್ಟಕ್ಕ?"

"ಮೂವತ್ತೆಂಟು."

ಬಾಯಾಳಿ ಮಾತ್ರ ನಕ್ಕಳು. "ನಿನ್ನ ಬಾಯಲ್ಲಿ ಬಂದ ಮೇಲೆ ಮೂವತ್ತೆಂಟೇ ಬಿಡು. ನನ್ನ ಮೈಗೇ ಎಣಿಸೋಕೆ ಬರಲ್ಲ."

ಎರಡು ಗಂಟೆಯ ಹೊತ್ತಿಗೆ ಅವಳು ಒಂದು ಕಥೆ ಶುರು ಮಾಡಿದಳು.

"ಒಬ್ಬಳು ಲಾಂಡ್ರಿಯವಳು ಸತ್ತಳಂತೆ ಅಕ್ಕ."

ಹಿಂದಕ್ಕೆ. ಮುಂದಕ್ಕೆ.

"ಸತ್ತು ಸೀದಾ ನರಕಕ್ಕೆ ಹೋದಳಂತೆ."

"ಸ್ವರ್ಗಕ್ಕೆ ಯಾಕೆ ಹೋಗಲಿಲ್ಲ?"

"ಸ್ವರ್ಗದವರು ಬೆವರಲ್ಲ, ಶೀಟು ಕೊಳೆ ಆಗಲ್ಲ. ಅಲ್ಲಿ ನಮಗೆಲ್ಲಿ ಕೆಲಸ?"

ಗುಣುಗಕ್ಕ ನಕ್ಕಳು. ಹಿಂದಕ್ಕೆ. ಮುಂದಕ್ಕೆ.

"ನರಕದ ಬಾಗಿಲಲ್ಲಿ ಕಾವಲಿನವನು ನಿಂತಿದ್ದನಂತೆ. ಒಳಗೆ ಬೆಂಕಿ ಧಗಧಗ ಅಂತಿದೆ. ಇವಳು ಹೆದರಿ ಅವನನ್ನ ಕೇಳಿದಳಂತೆ..."

ಹಿಂದಕ್ಕೆ. ಗುಣುಗಕ್ಕ ಮುಂದಕ್ಕೆ ಬಂದಳು. ಬಾಯಾಳಿ ಬರಲಿಲ್ಲ. ಮೂಲೆ ಹಿಡಿದು ನಿಂತಲ್ಲೇ ನಿಂತಿದ್ದಳು.

"ಏನು ಕೇಳಿದಳೇ?"

"ಯಾರು?"

"ನರಕಕ್ಕೆ ಹೋದವಳು."

"ಯಾರು ಹೋದರು?" ಎಂದಳು ಬಾಯಾಳಿ. ಕಣ್ಣು ಗುಣುಗಕ್ಕನ ಮೇಲಿತ್ತು, ನೋಟ ಇರಲಿಲ್ಲ. ಮುಖ ಕೆಂಪಗೆ ಒಣಗಿತ್ತು. ಬೆಳಗ್ಗೆಯಿಂದ ಧಾರೆಯಾಗಿ ಇಳಿಯುತ್ತಿದ್ದ ಬೆವರು ಪೂರಾ ನಿಂತಿತ್ತು. ಸದ್ಯ, ಬೆವರಾದರೂ ನಿಂತಿತಲ್ಲ ಎಂದುಕೊಂಡಳು ಗುಣುಗಕ್ಕ. ಬೆವರು ನಿಂತರೆ ಸಾವು ಹತ್ತಿರ ಬಂತು ಎನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಲಗೆಯ ಮೇಲೆ ಅದನ್ನು ಬರೆಯುವ ನಿಯಮ ಇರಲಿಲ್ಲ.

ಮುಂದಿನ ಶೀಟಿಗೆ ಬಾಯಾಳಿ ಕುಸಿದಳು. ಮೇಸ್ತ್ರಿ ಬಂದು ಮಗ್ಗಿನಲ್ಲಿ ನೀರು ತಂದು ಮುಖಕ್ಕೆ ಎರಚಿದ. "ಮೂವತ್ತೆಂಟಕ್ಕೇ ಇಷ್ಟು ನಾಟಕ! ಮನೆಗೆ ಕರಕೊಂಡು ಹೋಗು. ಶೀಟು ನೆಲಕ್ಕೆ ಬಿತ್ತು, ನೋಡು. ಮತ್ತೆ ಒಗೀಬೇಕು."

ಬಾಯಾಳಿಯ ಕೋಣೆ ಮೂರನೆಯ ಅಂತಸ್ತಿನಲ್ಲಿ, ತಗಡಿನ ಕೆಳಗೆ. ಗುಣುಗಕ್ಕ ಅವಳನ್ನು ಅರ್ಧ ಹೊತ್ತು, ಅರ್ಧ ಎಳೆದು ಮೆಟ್ಟಿಲು ಹತ್ತಿಸಿದಳು. ಕೋಣೆಯ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ನಲ್ಲಿಯಲ್ಲಿ ನೀರಿಲ್ಲ. ಕೊಡದ ತಳದಲ್ಲಿ ಒಂದು ಚೊಂಬಿನಷ್ಟಿತ್ತು. ಸೊಂಟದ ಬಟ್ಟೆ ಬಿಚ್ಚಿ, ಅದರಲ್ಲಿ ಅದ್ದಿ, ಹಿಂಡಿ ಹಣೆಗೆ ಇಟ್ಟಳು. ಬಟ್ಟೆಯ ಕೆಳಗೆ ಚರ್ಮ ತುಸು ತಣ್ಣಗಾಯಿತು. ಬಟ್ಟೆ ಒಣಗಿದ ಕೂಡಲೇ ಮತ್ತೆ ಕೆಂಡ. ಮತ್ತೆ ಅದ್ದಿದಳು. ಇಟ್ಟಳು. ತಣ್ಣಗಾಯಿತು.

ಮೂರನೆಯ ಸಲ ಇಡುವಾಗ ಅವಳ ಕೈ ಗಾಳಿಯಲ್ಲೇ ನಿಂತಿತು.

ಅದೇ ಬಟ್ಟೆ. ಮೂರು ಸಲ. ಕಡ್ಡಿಗೂ ಅವಳು ಹೀಗೇ ಮಾಡುತ್ತಿದ್ದಳು.

ಒದ್ದೆ ಬಟ್ಟೆ ಇಟ್ಟರೆ ಸುಡುವ ಹಣೆಯೇ ತಣ್ಣಗಾಗುತ್ತದೆ. ಗಾಜು ಆಗುವುದಿಲ್ಲವೆ?

ಯೋಚಿಸಲು ಹೊತ್ತಿರಲಿಲ್ಲ. ಬಾಯಾಳಿಯ ಕೈಕಾಲು ಸೆಟೆಯುತ್ತಿದ್ದವು. ಗುಣುಗಕ್ಕ ಹೊರಗೆ ಬಂದು ಕೂಗಿದಳು. ಅವಳ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಮೂವರು ಬಂದರು. ಹರಿದುಹೋದ ಹಳೆಯ ಶೀಟೊಂದನ್ನು ಬಾಯಾಳಿ ಲಾಂಡ್ರಿಯಿಂದ ಬೇಡಿ ತಂದುಕೊಂಡಿದ್ದಳು. ಅವಳನ್ನು ಅದರಲ್ಲೇ ಮಲಗಿಸಿದರು. ನಾಲ್ಕು ಮೂಲೆಗೆ ನಾಲ್ಕು ಜನ. ಎರಡನೆಯ ಅಂತಸ್ತಿನ ಮೆಟ್ಟಿಲಲ್ಲಿ ಶೀಟು ಇದ್ದಕ್ಕಿದ್ದಂತೆ ಭಾರವಾಯಿತು.

ಆಸ್ಪತ್ರೆಯವರು ಹೃದಯ ನಿಂತು ಸತ್ತಳು ಎಂದು ಬರೆದರು. ಹೃದಯ ನಿಲ್ಲದೆ ಯಾರು ಸಾಯುತ್ತಾರೆ?

*

ಒಂದು ವಾರದ ಮೇಲೆ ಬಾಯಾಳಿಯ ಮಗಳು ಗುಣುಗಕ್ಕನ ಕೋಣೆಗೆ ಬಂದಳು. ಇಪ್ಪತ್ತರ ಹುಡುಗಿ. ಚಪ್ಪಲಿ ಅಂಗಡಿಯಲ್ಲಿ ಕೆಲಸ. ತಾಯಿಯ ಬಾಯಿ ಬಂದಿರಲಿಲ್ಲ, ಕಣ್ಣು ಬಂದಿತ್ತು.

"ದೊಡ್ಡಮ್ಮ, ನಾಳೆ ಕಾರ್ಮಿಕ ಇಲಾಖೆಯಿಂದ ಸಾಹೇಬರು ಬರ್ತಾರೆ, ವಿಚಾರಣೆಗೆ. ನಾನು ಅರ್ಜಿ ಹಾಕಿದ್ದೆ."

"ಒಳ್ಳೇದಾಯ್ತು ಮಗಳೇ."

"ಮಾಲೀಕರು ಅಮ್ಮನ ಮೈಯೇ ಸರಿ ಇರಲಿಲ್ಲ ಅಂತಾರೆ. ನಿಮ್ಮಮ್ಮ ಕುಡೀತಿದ್ದಳಾ ಅಂತ ನನ್ನನ್ನ ಕೇಳಿದರು ದೊಡ್ಡಮ್ಮ." ಹುಡುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಬೇರೆ ಏನೂ ಬೇಡ. ಅಮ್ಮ ತನ್ನ ತಪ್ಪಿಂದ ಸಾಯಲಿಲ್ಲ, ಬಿಸಿಗೆ ಸತ್ತಳು ಅಂತ ಎಲ್ಲಾದರೂ ಒಂದು ಕಡೆ ಬರೀಬೇಕು."

ಗುಣುಗಕ್ಕನಿಗೆ ಎದೆಯಲ್ಲಿದ್ದದ್ದು ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆ. "ನಿಮ್ಮಮ್ಮ ಅವತ್ತು ಒಂದು ಕಥೆ ಹೇಳ್ತಿದ್ದಳು. ನರಕಕ್ಕೆ ಹೋದವಳದ್ದು. ಅರ್ಧಕ್ಕೇ ನಿಂತಿತು."

"ಹಿಂದಿನ ದಿನ ಮನೇಲೂ ಹೇಳಿದ್ದಳು." ಹುಡುಗಿಯ ಬಾಯಿಯ ಮೂಲೆ ತುಸು ಎದ್ದಿತು. "ಒಳಗೆ ಸೆಕೆ ಎಷ್ಟಪ್ಪ ಅಂತ ಕೇಳಿದಳಂತೆ. ಅದಕ್ಕೆ ಕಾವಲಿನವನು, ಹೆದರಬೇಡ ಬಾ ತಾಯಿ, ನಮ್ಮಲ್ಲೂ ಮೂವತ್ತೆಂಟೇ ಅಂದನಂತೆ."

ಹೇಳಿ ಹುಡುಗಿ ನಕ್ಕಳು. ನಗು ಅಳುವಾಯಿತು.

ಗುಣುಗಕ್ಕನಿಗೆ ಈಗ ಹೊಳೆಯಿತು. ಬಾಯಾಳಿಗೆ ಗೊತ್ತಿತ್ತು. ಆ ಲೆಕ್ಕ ಸುಳ್ಳೆಂದು ಅವಳ ಮೈಗೆ ಗೊತ್ತಿತ್ತು. ಆದರೆ ಆ ಸುಳ್ಳು ಗೆಳತಿಯ ಬಾಯಿಂದ ಬರುತ್ತಿತ್ತು. ಗೆಳತಿಗೆ ನೋವಾಗದ ಹಾಗೆ, ಹತ್ತು ಶೀಟಿನ ಕಥೆ ಕಟ್ಟಿ, ಮೆಲ್ಲಗೆ ಹೇಳಲು ಹೊರಟಿದ್ದಳು. ಹೇಳಿ ಮುಗಿಸುವಷ್ಟು ಜೀವ ಉಳಿಯಲಿಲ್ಲ.

*

ಮರುದಿನ ಬೆಳಗ್ಗೆ ಮೇಸ್ತ್ರಿ ಒಂದು ಕಾಗದ ತಂದು ಅವಳ ಮುಂದೆ ಹಿಡಿದ.

"ಸಾಹೇಬರು ಹನ್ನೆರಡಕ್ಕೆ ಬರ್ತಾರೆ. ಇದಕ್ಕೆ ರುಜು ಹಾಕಿಡು. ಸುಳ್ಳು ಏನೂ ಇಲ್ಲ, ಬೇಕಾದರೆ ಓದಿಸಿಕೋ. ಆ ದಿನ ನೀನು ನೋಡಿದಾಗ ಮೂವತ್ತೆಂಟಿತ್ತು. ಇತ್ತೋ ಇಲ್ಲವೋ?"

"ಇತ್ತು."

"ಮತ್ತೆ? ಹಾಕು."

"ಮೇಸ್ತ್ರಿ, ನಾನು ಕಡ್ಡೀನ ಒದ್ದೆ ಬಟ್ಟೇಲಿ ಒರೆಸ್ತಿದ್ದೆ. ಅದಕ್ಕೇ ಕಡಿಮೆ ತೋರಿಸ್ತಿತ್ತು ಅಂತ ಕಾಣುತ್ತೆ. ಇವತ್ತು ಒಣ ಬಟ್ಟೇಲಿ ಒರೆಸಿ ನೋಡ್ತೀನಿ."

ಮೇಸ್ತ್ರಿ ಅವಳ ಮುಖವನ್ನೇ ನೋಡಿದ. ಅಚ್ಚರಿಪಡಲಿಲ್ಲ. ಅವಳಿಗೆ ಚುಚ್ಚಿದ್ದು ಅದೇ.

"ಹೇಗೆ ಮಾಡ್ತಾ ಬಂದಿದ್ದೀಯೋ ಹಾಗೇ ಮಾಡು" ಎಂದ, ಮೆತ್ತಗೆ. "ಒಳ್ಳೇ ಪದ್ಧತಿ. ಚೊಕ್ಕ ಕೆಲಸ. ಈಗ ಯಾಕೆ ಕೆಡಿಸ್ತೀಯ?"

"ನಿಮಗೆ ಗೊತ್ತಿತ್ತು."

"ನನಗೇನು ಗೊತ್ತು? ಒರೆಸಿದ ಕೈ ನಿನ್ನದು. ಬರೆದ ಕೈ ನಿನ್ನದು. ಒದ್ದೆ ಬಟ್ಟೆ ವಿಷಯ ಬಾಯಿ ಬಿಟ್ಟರೆ ಅವಳನ್ನ ಕೊಂದವರು ಯಾರು ಅಂತ ಆಗುತ್ತೆ, ಯೋಚನೆ ಮಾಡು."

ಕಾಗದವನ್ನು ಅವಳ ಕೈಗೆ ತುರುಕಿ ಹೋದ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವಳು ಒಬ್ಬಳೇ ಓಣಿಗೆ ಹೋದಳು. ಸೆರಗಿನ ಒಣ ತುದಿಯಿಂದ ಗಾಜಿನ ಧೂಳು ಕೊಡವಿ ನೋಡಿದಳು. ನಲವತ್ತೊಂದು. ಈ ತಂಪಿನ ಓಣಿಯಲ್ಲೇ, ದಪ್ಪ ಗೋಡೆಯ ನೆರಳಲ್ಲೇ, ನಲವತ್ತೊಂದು. ಬೇಸಿಗೆ ಬಲಿತ ಮೇಲೆ ಅದೆಷ್ಟು ಮಧ್ಯಾಹ್ನ ಅವಳು ಹತ್ತು ಹೆಂಗಸರ ನಾಲ್ಕು ಗಂಟೆಯ ನೆರಳನ್ನು ಒಂದು ಬಟ್ಟೆಯಿಂದ ಒರೆಸಿಹಾಕಿದ್ದಳೋ. ಬಾಯಾಳಿ ಕಥೆ ಶುರು ಮಾಡಿದ್ದು ಎರಡು ಗಂಟೆಗೆ. ಆ ಹೊತ್ತಿಗೆ ಅವಳು ಎಲ್ಲಾದರೂ ಗೋಡೆಗೊರಗಿ ನೀರು ಕುಡಿಯುತ್ತ ಕೂತಿರಬೇಕಾಗಿತ್ತು.

ತೊಟ್ಟಿಯ ಅಂಚು ಹಿಡಿದು ನಿಂತಳು. ಅಪ್ಪನ ಪದವೊಂದು ತಾನಾಗಿ ತುಟಿಗೆ ಬಂತು.

"ನೆಳಲು ಡೊಂಕೆಂದು ನೆಲವ ಬೈವರಯ್ಯಾ,
ಕೋಲ ನೆಟ್ಟಗೆ ಹಿಡಿಯಲಾರದವರು."

ಸಾವಿರ ಸಲ ಹೇಳಿದ ಪದ. ಅದು ಬೇರೆಯವರಿಗೆ ಹೇಳಿದ್ದು ಎಂದುಕೊಂಡಿದ್ದಳು. ಕೋಲು ಹಿಡಿದ ಕೈ ತನ್ನದೇ.

ಕಾಗದವನ್ನು ತೊಟ್ಟಿಗೆ ಹಾಕಿದಳು. ಅಕ್ಷರ ನೀರಲ್ಲಿ ಕದಡಿತು.

*

ಸಾಹೇಬರು ಕನ್ನಡಕದವರು. ಕೆಟ್ಟವರ ಹಾಗೆ ಕಾಣಲಿಲ್ಲ. ಬಗಲಲ್ಲಿ ಫೈಲು. ಮೊದಲು ಮಾಲೀಕರ ಕೋಣೆಯಲ್ಲಿ ಕೂತು ತಣ್ಣಗೆ ಏನೋ ಕುಡಿದರು. ಆಮೇಲೆ ಮೇಸ್ತ್ರಿ ಅವರನ್ನು ಓಣಿಗೆ ಕರೆತಂದ.

"ದಿನಾ ನೋಡೋದು ಈಯಮ್ಮನೇ ಸಾರ್. ಹೆಂಗಸರೇ ಆರಿಸಿದ್ದು. ನಾವು ಯಾರೂ ಕೈ ಹಾಕಲ್ಲ."

"ಹೇಗೆ ನೋಡ್ತೀರಮ್ಮ, ತೋರಿಸಿ" ಎಂದರು ಸಾಹೇಬರು.

ಗುಣುಗಕ್ಕ ತೋರಿಸಿದಳು. ಬಟ್ಟೆ ಅದ್ದಿದಳು, ಹಿಂಡಿದಳು, ಮೂರು ಸಲ ಒರೆಸಿ, ಸುತ್ತಿ ಹಿಡಿದು ಬಿಚ್ಚಿದಳು. "ನೋಡಿ. ಎಷ್ಟಿದೆ?"

ಸಾಹೇಬರು ಬಗ್ಗಿದರು. "ಮೂವತ್ತೆಂಟು."

"ಹೀಗೆ ನೋಡ್ತಿದ್ದೆ. ನಾನು ಅರಿಯದೆ ಮಾಡಿದ್ದು. ಆದರೆ ಮಾಡಿದ್ದು ನಾನೇ. ಈಗ ನೋಡಬೇಕಾದ ಹಾಗೆ ನೋಡೋಣ ಬನ್ನಿ."

ಒದ್ದೆ ಬಟ್ಟೆಯನ್ನು ಮೊಳೆಗೆ ಹಾಕಿದಳು. ಕಡ್ಡಿಯನ್ನು ಮೊಳೆಯಿಂದ ಬಿಡಿಸಿ, ಸೆರಗಲ್ಲಿ ಒಣಗಿಸಿ, ಎದೆಗವಚಿಕೊಂಡು ನಡೆದಳು. ಮೇಸ್ತ್ರಿ, "ಏ, ಎಲ್ಲಿಗೆ?" ಎಂದು ಬೆನ್ನಟ್ಟಿದ. ಸಾಹೇಬರು ಹಿಂದೆ ಬಂದರು.

ರೋಲರಿನ ಮನೆಯ ಹೊಸ್ತಿಲಲ್ಲಿ ಸಾಹೇಬರ ಕನ್ನಡಕ ಒಮ್ಮೆಗೇ ಮಂಜಾಯಿತು. ಗುಣುಗಕ್ಕ ಕಡ್ಡಿಯ ದಾರವನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿದಳು. ಬಾಯಾಳಿಯ ತಲೆ ಇರುತ್ತಿದ್ದ ಎತ್ತರ.

"ಸಾಹೇಬರೇ, ಆ ತುದಿ ಹಿಡೀರಿ."

"ಏನು?"

"ಗೆರೆ ಏರೋಕೆ ಸ್ವಲ್ಪ ಹೊತ್ತು ಬೇಕು. ಅಲ್ಲಿವರೆಗೆ ಒಂದು ಶೀಟು ಮಡಚೋಣ. ಒಂದು ಶೀಟಿಗೆ ಇಬ್ಬರು ಬೇಕು."

ಹುಡುಗಿಯರು ಶೀಟು ಉಣಿಸುವುದನ್ನು ನಿಲ್ಲಿಸಿರಲಿಲ್ಲ. ಶೀಟು ಹೊರಗೆ ಬಂತು. ಸಾಹೇಬರು ಏನು ಮಾಡುವುದೆಂದು ತೋಚದೆ ಫೈಲನ್ನು ಬಗಲಲ್ಲಿ ಒತ್ತಿ ಎರಡು ಮೂಲೆ ಹಿಡಿದರು. "ಅಯ್ಯೋ!" ಎಂದು ಬಿಟ್ಟರು. ಶೀಟು ನೆಲಕ್ಕೆ ಬಿತ್ತು.

"ಪರವಾಗಿಲ್ಲ, ಮೊದಲ ದಿನ ಹಾಗೇ. ಇನ್ನೊಂದು ಬರುತ್ತೆ."

"ಅಮ್ಮ, ಇದು ನನ್ನ ಕೆಲಸ ಅಲ್ಲ."

"ಅಲ್ಲ. ಅವಳ ಕೆಲಸ. ಹನ್ನೊಂದು ವರ್ಷ ಇದೇ ಜಾಗದಲ್ಲಿ ನಿಂತಿದ್ದಳು. ನೀವು ಐದು ನಿಮಿಷ ನಿಲ್ಲಿ."

ಅವರು ನಿಂತರು. ಮೂರು ನಿಮಿಷ ಇರಬಹುದು. ಅಂಗಿ ಬೆನ್ನಿಗೆ ಅಂಟಿತು. ಮೂಗಿನ ತುದಿಯಿಂದ ಬೆವರು ಫೈಲಿನ ಮೇಲೆ ತೊಟ್ಟಿಕ್ಕಿತು. ಕೆಂಪು ಗೆರೆ ಏರುತ್ತಿತ್ತು.

ಗುಣುಗಕ್ಕ ಓದತೊಡಗಿದಳು. ತುಟಿಯೊಳಗಲ್ಲ. ಅಪ್ಪ ಬೆಳಗ್ಗೆ ಪದ ಹೇಳುತ್ತಿದ್ದ ಹಾಗೆ, ಗಟ್ಟಿಯಾಗಿ. "ನಲವತ್ತೆರಡು." ಕಾದಳು. "ನಲವತ್ತನಾಲ್ಕು." ಕಾದಳು. ರೋಲರು ಉಸಿರು ಬಿಡುತ್ತಿತ್ತು. "ನಲವತ್ತಾರು. ನಲವತ್ತೇಳು."

ಗೆರೆ ಅಲ್ಲಿ ನಿಂತಿತು.

"ಬರಕೊಳ್ಳಿ. ಅವಳು ಮೂವತ್ತೆಂಟರಲ್ಲಿ ಸಾಯಲಿಲ್ಲ. ಬರಕೊಳ್ಳಿ."

ಸಾಹೇಬರು ಬಾಗಿಲ ಕಡೆ ಹೊರಟಿದ್ದರು. "ನಿಯಮದಲ್ಲಿ ಆವರಣದಲ್ಲಿ ಒಂದು ಥರ್ಮಾಮೀಟರು ಅಂತಿದೆ. ಆವರಣದಲ್ಲಿ ಎಲ್ಲಿ ಅಂತ ಇಲ್ಲ." ಹೊಸ್ತಿಲು ದಾಟಿ ಗೋಡೆ ಹಿಡಿದುಕೊಂಡರು. "ನೀರು... ಸ್ವಲ್ಪ ನೀರು ಕೊಡ್ತೀರಾ?"

ಮಾಲೀಕರ ಕೋಣೆಯಿಂದ ಯಾರೋ ತಣ್ಣನೆಯ ನೀರು ತಂದರು. ಸಾಹೇಬರು ಕುಡಿದರು. ಫೈಲು ತೆರೆದು ಏನೋ ಬರೆದರು. ಏನು ಬರೆದರೆಂದು ಗುಣುಗಕ್ಕನಿಗೆ ಕಾಣಲಿಲ್ಲ.

ಮೇಸ್ತ್ರಿ ಅವಳ ರಟ್ಟೆ ಹಿಡಿದ. "ನಡಿ ಹೊರಗೆ. ಇವತ್ತಿಗೆ ಮುಗಿಯಿತು ನಿನ್ನ ಕಥೆ."

"ಕೈ ಬಿಡಿ. ನನ್ನ ಕೆಲಸ ಬಾಕಿ ಇದೆ."

"ಯಾವ ಕೆಲಸ?"

ಅವಳು ಕೈ ಕೊಡವಿಕೊಂಡು ಗೇಟಿನ ಕಡೆ ನಡೆದಳು. ಹಿಂದೆ ನೋಡಿದಳು. ಹುಡುಗಿಯರು ಶೀಟು ಉಣಿಸುತ್ತಲೇ ಇದ್ದರು. ಹಿಡಿಯುವವರಿಲ್ಲದೆ ಶೀಟು ಒಂದರ ಮೇಲೊಂದು ನೆಲಕ್ಕೆ ಬೀಳುತ್ತಿತ್ತು. ಯಾರೂ ತಲೆ ಎತ್ತಲಿಲ್ಲ. ಒಬ್ಬರಾದರೂ ಎತ್ತಲಿ ಎಂದು ಅವಳು ಎರಡು ಉಸಿರು ಕಾದಳು. ಅವರ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಅವಳೂ ತಲೆ ಎತ್ತಿರಲಿಲ್ಲ.

ಹಲಗೆಯನ್ನು ಒಣ ಬಟ್ಟೆಯಿಂದ ಚೊಕ್ಕ ಮಾಡಿದಳು. ಸೀಮೆಸುಣ್ಣವನ್ನು ಮುರಿಯುವಷ್ಟು ಒತ್ತಿ, ಹಲಗೆ ತುಂಬ ಬರೆದಳು.

ನಲವತ್ತೇಳು.

ಅವಳನ್ನು ಗೇಟಿನ ಹೊರಗೆ ತಳ್ಳಿದರು. ಅಗುಳಿ ಬಿತ್ತು.

ಬೀದಿಯಲ್ಲಿ ನೆರಳಿರಲಿಲ್ಲ. ಒಂದು ನಾಯಿ ಕೂಡ ಇರಲಿಲ್ಲ. ಎದುರು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮನೆಗೆ ಹೋಗಬಹುದಿತ್ತು. ಅಲ್ಲಿ ಒಂದು ಕೊಡ, ಒಂದು ಚಾಪೆ. ಹೋಗಿ ಯಾರಿಗೆ ಹೇಳುವುದು? ಇಂಥದನ್ನು ಹತ್ತು ಶೀಟಿನುದ್ದಕ್ಕೆ ಕೇಳಿಸಿಕೊಂಡು, ಹನ್ನೊಂದನೆಯ ಶೀಟಿಗೆ ಬಿದ್ದು ಬಿದ್ದು ನಗುವವಳು ಒಬ್ಬಳೇ ಇದ್ದಳು.

ಮೇಸ್ತ್ರಿ ಓಡುತ್ತ ಬಂದ. ಕೈಯಲ್ಲಿ ಅವಳು ಓಣಿಯ ಮೊಳೆಗೆ ಹಾಕಿ ಬಿಟ್ಟುಬಂದ ಬಟ್ಟೆ, ತೊಟ್ಟಿಯಲ್ಲಿ ಮತ್ತೆ ಅದ್ದಿದ್ದು. ಹಲಗೆಯನ್ನು ಎಡಕ್ಕೆ ಬಲಕ್ಕೆ ಬಳಿದ. ನೀರು ಸುರಿಯಿತು. ಹಲಗೆ ಕಪ್ಪಗೆ, ಖಾಲಿ ಹೊಳೆಯಿತು. ಅವಳ ಕಡೆ ನೋಡಿ ಬಟ್ಟೆಯನ್ನು ಕಂಬಿಯ ಮೇಲೆ ಎಸೆದ. ಒಳಗೆ ಹೋದ.

ಗುಣುಗಕ್ಕ ನೋಡುತ್ತಿದ್ದಳು.

ಬಿಸಿಲು ಹಲಗೆಗೆ ನೇರ ಬಡಿಯುತ್ತಿತ್ತು. ಮೊದಲು ಅಂಚು ಒಣಗಿತು. ಆಮೇಲೆ ಮೂಲೆ. ಹತ್ತು ಎಣಿಸುವುದರೊಳಗೆ ನಡುವಿನ ಕಪ್ಪೂ ಬೂದಿಯಾಯಿತು. ಬೂದಿಯೊಳಗಿಂದ ಬಿಳಿಯ ಗೆರೆಯೊಂದು, ಆಮೇಲೆ ಇನ್ನೊಂದು, ಗಾಯದ ಕಲೆಯ ಹಾಗೆ ಮೇಲಕ್ಕೆ ಬಂತು. ಮಸುಕು ಮಸುಕಾಗಿ. ಆದರೆ ಬೀದಿಗೆ ಕಾಣುವ ಹಾಗೆ.

ನಲವತ್ತೇಳು.

ಮೇಸ್ತ್ರಿ ಬಕೆಟ್ಟು ಹಿಡಿದು ಮತ್ತೆ ಬಂದ. ಬ್ಯಾಂಕಿನ ಕಡೆಗೋ ಎಲ್ಲಿಗೋ ಹೊರಟಿದ್ದ ದಾರಿಹೋಕನೊಬ್ಬ ನಿಂತು ಹಲಗೆ ನೋಡಿದ, ಮೇಸ್ತ್ರಿಯನ್ನು ನೋಡಿದ, ಗೋಡೆಗೊರಗಿದ್ದ ಹೆಂಗಸನ್ನು ನೋಡಿದ.

"ಏನಮ್ಮ ಅದು?"

"ಒಳಗಿನ ಸೆಕೆ" ಎಂದಳು ಗುಣುಗಕ್ಕ. "ಅವರು ಒರೆಸಲಿ. ನೀವು ಸ್ವಲ್ಪ ನಿಲ್ಲಿ. ಒಣಗಿದ ಮೇಲೆ ಓದಬಹುದು."